ಪುಂಗಳಿ ಹೊರಗೆ ಹಾರುತ್ತಿಲ್ಲವೇ? ಹಳೆ ಲಿವರ್ ಬಂದೂಕಿನ ದೋಷ ಹುಡುಕುವ ಬಗೆ

ಮೇ ತಿಂಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಬಂದೂಕು ಡಿಸೆಂಬರ್‌ನಲ್ಲಿ ಕೈಕೊಟ್ಟಿತು. ಪುಂಗಳಿ, ಅಂದರೆ ಹೊಡೆದ ಮೇಲೆ ಉಳಿಯುವ ಖಾಲಿ ಕೊಳವೆ, ಹೊರಗೆ ಹಾರುತ್ತಿರಲಿಲ್ಲ. ಕಾರಣ ಹುಡುಕಲು ನಮಗೆ ಮೂರು ದಿನ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಅಂತ ಬರೆಯುತ್ತಿದ್ದೇನೆ.

ಪುಣೆಯ ಕ್ಯಾಂಪ್‌ನಲ್ಲಿ ನನ್ನ ಗೆಳೆಯರೊಬ್ಬರ ಬಂದೂಕು ರಿಪೇರಿ ಅಂಗಡಿ ಇದೆ, ಲೈಸೆನ್ಸ್ ಇರುವಂಥದ್ದು. ಎಲ್ಲರೂ ಅವರನ್ನು ಉಸ್ತಾದ್ ಅಂತಾರೆ. ನಾನು ಟೂಲ್‌ರೂಮ್‌ನಲ್ಲಿ ಫಿಟ್ಟರ್ ಆಗಿದ್ದವನು. ರಿಟೈರ್ ಆದ ಮೇಲೆ ವಾರಕ್ಕೆ ಎರಡು ದಿನ ಅಲ್ಲಿ ಹೋಗಿ ಕೂರುತ್ತೇನೆ. ಚಹಾ ಜಾಸ್ತಿ, ಕೆಲಸ ಕಡಿಮೆ. ಒಂದು ಬೆಳಿಗ್ಗೆ ಬೆಳಗಾವಿ ಕಡೆಯ ಹಿರಿಯರೊಬ್ಬರು ಬಂದರು. ಪುಣೆಗೆ ಬಂದು ನಲವತ್ತು ವರ್ಷವಾಗಿದೆ, ಮಾತು ಮಾತ್ರ ಇನ್ನೂ ಊರಿನದೇ. ನಾನು ಅವರನ್ನು ಮಾಮಾ ಅಂತಲೇ ಕರೆಯುತ್ತೇನೆ. ಉದ್ದನೆಯ ಚೀಲ ಮೇಜಿನ ಮೇಲಿಟ್ಟು, ಲೈಸೆನ್ಸ್ ಪುಸ್ತಕ ಉಸ್ತಾದರ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದರು.

"ಏನಪಾ, ಪುಂಗಳಿ ಹೊರಗ ಬೀಳವಲ್ದು ನೋಡು. ಮೂರು ಹೊಡದೆ, ಮೂರೂ ಬಾಯಾಗ ಮಲಗಿದ್ವು. ಇಜೆಕ್ಟರ್ ಮುರದದ ಅಂದಾರ ಒಬ್ರು. ಫಾರಿನ್‌ದಿಂದ ತರಸಬೇಕಂತ."

ಚೀಲದಲ್ಲಿದ್ದದ್ದು ವಿಂಚೆಸ್ಟರ್ ಕಂಪನಿಯ 1873ರ ಮಾದರಿಯ ಲಿವರ್ ಬಂದೂಕು, 44-40 ತೋಟಾದ್ದು. ಮಾಮಾ ಇಲ್ಲಿಗೆ ಬರುವ ಮೊದಲು ಬೇರೊಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಇಜೆಕ್ಟರ್ ಹುಡುಕಿಸಲು ಮುಂಗಡ ಹಣವನ್ನೂ ತೆಗೆದುಕೊಂಡಿದ್ದರಂತೆ. ಉಸ್ತಾದ್ ನಕ್ಕರು. ಇಜೆಕ್ಟರ್ ಅಂದರೆ ಪುಂಗಳಿಯನ್ನು ಹೊರಗೆ ಎಸೆಯಲೆಂದೇ ಇರುವ ಭಾಗ. 1873ರ ವಿಂಚೆಸ್ಟರ್‌ನಲ್ಲಿ ಅಂಥ ಬಿಡಿಭಾಗವೇ ಇಲ್ಲ! ಇಲ್ಲದ ಭಾಗ ಮುರಿಯುವುದು ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಒಂದೆರಡು ಪದ ಮೊದಲೇ ಹೇಳಿಬಿಡುತ್ತೇನೆ. ಗುಂಡು, ಮದ್ದು ಎಲ್ಲ ಇರುವ ಪೂರ್ತಿ ವಸ್ತು ತೋಟಾ. ಇಲ್ಲಿ ಮರಾಠಿಯವರು ಕಾಡತೂಸ್ ಅಂತಾರೆ. ಹೊಡೆದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕೊಳವೆ ಪುಂಗಳಿ. ಅದೂ ಮರಾಠಿಯದೇ, ಆದರೆ ಪುಣೆಯ ಕನ್ನಡಿಗರ ಬಾಯಲ್ಲೂ ಕೂತಿದೆ. ಪುಂಗಳಿಯ ತಳದಲ್ಲಿ ಬಟ್ಟಲಿನ ಅಂಚಿನ ಹಾಗೆ ಹೊರಚಾಚಿದ ಭಾಗ ರಿಮ್. ನಳಿಗೆಯ ಹಿಂದೆ ತೋಟಾ ಕೂರುವ ಜಾಗ ಚೇಂಬರ್. ಹಿಡಿಯ ಕೆಳಗೆ ಕೈಯಿಂದ ಕೆಳಕ್ಕೆ ಎಳೆಯುವ ಸನ್ನೆ ಲಿವರ್. ಅದನ್ನು ಎಳೆದಾಗ ಹಿಂದೆಮುಂದೆ ಓಡುವ ಉಕ್ಕಿನ ತುಂಡು ಬೋಲ್ಟ್. ಬಂದೂಕಿನ ಬಾಯಿ ಅಂದರೆ ಇಲ್ಲಿ ನಳಿಗೆಯ ತುದಿಯಲ್ಲ, ಬೋಲ್ಟ್ ಹಿಂದೆ ಸರಿದಾಗ ಮೇಲೆ ತೆರೆಯುವ ಜಾಗ.

ಬಂದೂಕು ಮುಟ್ಟುವ ಮೊದಲು ಅದು ಖಾಲಿ ಇದೆಯಾ ನೋಡಬೇಕು. ಇದು ಗೊತ್ತಿರುವ ಮಾತೇ, ಆದರೆ ಲಿವರ್ ಬಂದೂಕಿನಲ್ಲಿ ಮೋಸ ಹೋಗುವುದು ಸುಲಭ. ನಳಿಗೆಯ ಕೆಳಗಿನ ಉದ್ದ ಕೊಳವೆಯೇ ಮ್ಯಾಗಜಿನ್. 24 ಇಂಚಿನ ನಳಿಗೆಯ ರೈಫಲ್ಲಿನಲ್ಲಿ 15 ತೋಟಾ ಹಿಡಿಯುತ್ತದೆ. ಬೋಲ್ಟ್ ತೆರೆದು ಚೇಂಬರ್ ಖಾಲಿ ಕಂಡರೂ ಕೊಳವೆಯಲ್ಲಿ ಒಂದು, ತೋಟಾವನ್ನು ಮೇಲೆತ್ತುವ ಕ್ಯಾರಿಯರ್‌ನಲ್ಲಿ ಒಂದು ಉಳಿದಿರಬಹುದು. ಹಾಗಾಗಿ ಬೆರಳು ಹಾಕಿ ಮುಟ್ಟಿ ನೋಡಿ. ಕೊಳವೆಯ ಒಳಗಿನ ತಳ್ಳುಬಿಲ್ಲೆ ಕಣ್ಣಿಗೆ ಬೀಳಬೇಕು. ಪರೀಕ್ಷೆಯೆಲ್ಲ ಡಮ್ಮಿ ತೋಟಾದಲ್ಲೇ ಮಾಡಬೇಕು. ಮದ್ದಿಲ್ಲದ, ಪ್ರೈಮರ್ (ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಸಣ್ಣ ಬಟ್ಟಲು) ಇಲ್ಲದ ಡಮ್ಮಿ.

ಕಾನೂನಿನ ಮಾತು ಒಂದೇ ಉಸಿರಿಗೆ ಮುಗಿಸುತ್ತೇನೆ. "ನೂರು ವರ್ಷ ದಾಟಿದೆ, ಆ್ಯಂಟಿಕ್ ಅಲ್ವಾ, ಇದಕ್ಕೂ ಲೈಸೆನ್ಸ್ ಯಾಕೆ?" ಅಂತ ಕೇಳುವವರು ವರ್ಷಕ್ಕೆ ನಾಲ್ಕು ಜನ ಸಿಗುತ್ತಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಹಳೆಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂಥದ್ದಕ್ಕೆ ಮಾತ್ರ. ಮಾಮಾನ ಬಂದೂಕು ಹೊಡೆಯುತ್ತದೆ, ಆದ್ದರಿಂದ ಲೈಸೆನ್ಸ್ ಬೇಕೇ ಬೇಕು. ರಿಪೇರಿ ಮಾಡುವವರಿಗೂ 5ನೇ ಕಲಂ ಪ್ರಕಾರ ಲೈಸೆನ್ಸ್ ಇರಬೇಕು. ಕೆಳಗೆ ಬರೆದದ್ದರಲ್ಲಿ ನೋಡುವ, ಒರೆಸುವ ಕೆಲಸ ಮಾಲೀಕರದ್ದು. ಬಿಚ್ಚುವ ಕೆಲಸ ಅಂಗಡಿಯದ್ದು.

ಈಗ ವಿಷಯಕ್ಕೆ ಬರೋಣ. ಪುಂಗಳಿ ಹೊರಗೆ ಬರುವುದು ಒಂದು ಕೆಲಸ ಅಂತ ಜನ ತಿಳಿದಿರುತ್ತಾರೆ. ಅಲ್ಲ, ಎರಡು. ಮೊದಲನೆಯದು ಎಳೆಯುವುದು: ಬೋಲ್ಟ್‌ನ ತಲೆಯಲ್ಲಿರುವ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ರಿಮ್ ಹಿಡಿದು ಪುಂಗಳಿಯನ್ನು ಚೇಂಬರ್‌ನಿಂದ ಹಿಂದಕ್ಕೆ ಎಳೆಯುತ್ತದೆ. ಎರಡನೆಯದು ಎಸೆಯುವುದು: ಎಳೆದು ತಂದದ್ದನ್ನು ಬಂದೂಕಿನ ಬಾಯಿಂದ ಹೊರಗೆ ಹಾರಿಸುವುದು. ಈ ಎರಡಕ್ಕೂ ಬೇರೆ ಬೇರೆ ಭಾಗ, ಬೇರೆ ಬೇರೆ ರೋಗ. ಆದ್ದರಿಂದ ಬಂದೂಕು ತಂದವರಿಗೆ ಉಸ್ತಾದ್ ಕೇಳುವ ಮೊದಲ ಪ್ರಶ್ನೆ ಒಂದೇ: ಪುಂಗಳಿ ಎಲ್ಲಿ ನಿಂತಿತ್ತು?

ಚೇಂಬರ್‌ನಲ್ಲೇ ನಿಂತಿದ್ದರೆ ಎಳೆಯುವ ಕೆಲಸ ಕೆಟ್ಟಿದೆ. ಹೊರಗೆ ಬಂದು ಬಾಯಲ್ಲಿ ಮಲಗಿದ್ದರೆ ಎಳೆಯುವುದು ಸರಿಯಿದೆ, ಎಸೆಯುವುದು ಕೆಟ್ಟಿದೆ. ಮಾಮಾ ಬಾಗಿಲಲ್ಲೇ ಉತ್ತರ ಹೇಳಿಬಿಟ್ಟಿದ್ದರು, "ಬಾಯಾಗ ಮಲಗಿದ್ವು." ಹಿಂದಿನ ಅಂಗಡಿಯವರೂ ಇದನ್ನು ಕೇಳಿರಬೇಕು. ಕೇಳಿಯೂ ಈ ಮಾದರಿಯ ಒಳಗೆ ಏನಿದೆ ಅಂತ ನೋಡಲಿಲ್ಲ, ಅಷ್ಟೇ.

ಎಳೆಯುವ ಕೆಲಸ ಕೆಟ್ಟಿದ್ದರೆ ಬಂದೂಕಿಗಿಂತ ಮೊದಲು ಪುಂಗಳಿಯನ್ನು ನೋಡಿ. ಖಾಲಿ ಪುಂಗಳಿ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಹಳೆ ರಿಪೋರ್ಟ್ ಮನೆಯಲ್ಲೇ ಬಿಟ್ಟು ಬಂದ ಹಾಗೆ ಅದು. ರಿಮ್ಮಿನ ಒಂದೇ ಕಡೆ ಹಿತ್ತಾಳೆ ಕಿತ್ತಿದೆಯಾ? ಕೊಕ್ಕೆ ಹಿಡಿದು ಎಳೆದಿದೆ, ಪುಂಗಳಿ ಬಿಟ್ಟುಕೊಟ್ಟಿಲ್ಲ ಅಂತ ಅರ್ಥ. ಆಗ ಕೊಕ್ಕೆಯದು ತಪ್ಪಲ್ಲ, ಚೇಂಬರ್‌ನದು. ರಿಮ್ಮಿನ ಮೇಲೆ ಗುರುತೇ ಇಲ್ಲವಾ? ಕೊಕ್ಕೆ ಹಿಡಿದೇ ಇಲ್ಲ. ತುದಿ ಸವೆದಿರಬಹುದು, ಮುರಿದಿರಬಹುದು, ಅಥವಾ ಕೊಕ್ಕೆಯ ಕೆಳಗೆ ಕೊಳೆ ಕೂತು ಅದು ಬಗ್ಗಲು ಜಾಗವಿಲ್ಲದೆ ಹೋಗಿರಬಹುದು. ನಾನು ಕಂಡ ಹಾಗೆ ಕೊನೆಯದೇ ಜಾಸ್ತಿ. ಹಲ್ಲುಕಡ್ಡಿಯಿಂದ ಕೆರೆದರೆ ಕಪ್ಪು ಮೇಣದಂಥದ್ದು ಬರುತ್ತದೆ.

ಪುಂಗಳಿಯ ಮೈ ಮೇಲೆ ಉದ್ದಕ್ಕೆ ಗೀರುಗಳಿದ್ದರೆ ಚೇಂಬರ್ ಒಳಗೆ ತುಕ್ಕಿನ ಗುಳಿಗಳಿವೆ. ಇದರ ಹಿಂದೊಂದು ಕಥೆ ಇದೆ. ಹಳೆಯ ಪ್ರೈಮರ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ಒಳಗೆ ಕೂರುತ್ತದೆ. ಹೆಚ್ಚುಕಡಿಮೆ ನಮ್ಮ ಅಡುಗೆ ಉಪ್ಪಿನ ಅಣ್ಣತಮ್ಮ. ಪುಣೆಯ ಜುಲೈನಲ್ಲಿ ಡಬ್ಬಿಯ ಉಪ್ಪು ನೀರೊಡೆಯುತ್ತದಲ್ಲ, ನಳಿಗೆಯ ಒಳಗೂ ಅದೇ ಆಗುತ್ತದೆ. ಈ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಹಾಗಾಗಿಯೇ ಹಳಬರು ನಳಿಗೆಗೆ ಕುದಿನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ನೀರು ಬಿಟ್ಟು ಸುಮ್ನೆ ಎಣ್ಣೆ ಮಾತ್ರ ಹಚ್ಚಿದವರ ಬಂದೂಕುಗಳೇ ಇವತ್ತು ನಮ್ಮ ಮೇಜಿಗೆ ಬರುತ್ತಿವೆ. ಗುಳಿ ಬಿದ್ದ ಮೇಲೆ ಮರಳು ಕಾಗದ ಸುತ್ತಿ ಉಜ್ಜಬೇಡಿ. ಚೇಂಬರ್ ಅಗಲವಾದರೆ ಪುಂಗಳಿ ಇನ್ನೂ ಜಾಸ್ತಿ ಉಬ್ಬಿ ಇನ್ನೂ ಬಿಗಿಯಾಗಿ ಕೂರುತ್ತದೆ.

ಪುಂಗಳಿಯ ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಒಂದು ಗೆರೆ ಕಂಡರೆ, ಅಥವಾ ಪ್ರೈಮರ್ ತನ್ನ ಕುಳಿಯಿಂದ ಹೊರಗೆ ಎದ್ದಿದ್ದರೆ, ಅಲ್ಲಿಗೆ ನಿಲ್ಲಿಸಿ. ಪುಂಗಳಿ ಎರಡು ತುಂಡಾಗುವ ಮುನ್ಸೂಚನೆ ಅದು. 1873ರಲ್ಲಿ ಬೋಲ್ಟ್‌ಗೆ ಬೆನ್ನು ಕೊಡುವುದು ಮೊಣಕಾಲಿನಂತೆ ಮಡಚುವ ಜೋಡಿ ಕೊಂಡಿಗಳು. ಅವು ಸವೆದರೆ ಬೋಲ್ಟ್‌ಗೂ ಪುಂಗಳಿಗೂ ನಡುವೆ ಸಂದು ಬೀಳುತ್ತದೆ. ಮೊದಲೇ ಅದು ಕಪ್ಪು ಮದ್ದಿನ ಕಾಲದ, ಬಲ ಕಡಿಮೆ ಇರುವ ರಚನೆ. ಅದೇ ವಿಂಚೆಸ್ಟರ್‌ನ 1892ರ ಮಾದರಿಗೆ ಅಂತ ಮಾಡಿದ ಜೋರು ತೋಟಾಗಳನ್ನು ಇದಕ್ಕೆ ಹಾಕಲೇಬಾರದು, ಒಳಗೆ ಸರಿಯಾಗಿ ಕೂತರೂ ಸಹ.

ಮಾಮಾನ ಮೂರು ಪುಂಗಳಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಗೀರಿಲ್ಲ, ಗೆರೆಯಿಲ್ಲ. ರಿಮ್ಮಿನ ಮೇಲೆ ಕೊಕ್ಕೆಯ ಸಣ್ಣ, ಶುದ್ಧ ಗುರುತು. ಎಳೆಯುವ ಕೆಲಸಕ್ಕೆ ನೂರಕ್ಕೆ ನೂರು ಅಂಕ.

ಹಾಗಾದರೆ ಎಸೆಯುವವರು ಯಾರು? ಇಲ್ಲಿ ಮಾದರಿ ಯಾವುದು ಅನ್ನುವುದೇ ಮುಖ್ಯ. 1892ರ ವಿಂಚೆಸ್ಟರ್‌ನಲ್ಲಿ ಬೋಲ್ಟ್‌ನ ಮುಖದ ಕೆಳಭಾಗದಲ್ಲಿ ಸ್ಪ್ರಿಂಗ್ ಇರುವ ಒಂದು ಕಡ್ಡಿ ಇದೆ. ಮೇಲೆ ಕೊಕ್ಕೆ ಹಿಡಿದಿರುತ್ತದೆ, ಕೆಳಗೆ ಕಡ್ಡಿ ತಳ್ಳುತ್ತಿರುತ್ತದೆ. ಪುಂಗಳಿಯ ಬಾಯಿ ಚೇಂಬರ್ ದಾಟಿದ ಕೂಡಲೇ ಪುಂಗಳಿ ತಿರುಗಿ ಮೇಲಕ್ಕೆ ಹಾರುತ್ತದೆ. ಅಂಥ ಬಂದೂಕಿನಲ್ಲಿ ಮರದ ಕಡ್ಡಿಯಿಂದ ಆ ಇಜೆಕ್ಟರನ್ನು ಒತ್ತಿ ನೋಡಿ, ಚಿಮ್ಮಿ ವಾಪಸ್ ಬರಬೇಕು. ಒಳಗೇ ಕೂತರೆ ಕೊಳೆ, ಮೆತ್ತಗೆ ಬಂದರೆ ಸ್ಪ್ರಿಂಗ್. ಮಾರ್ಲಿನ್ ಅನ್ನುವ ಇನ್ನೊಂದು ಕಂಪನಿಯ ಲಿವರ್ ಬಂದೂಕುಗಳಲ್ಲಿ ಹೆಚ್ಚಿನವು ಮೇಲಕ್ಕಲ್ಲ, ಪಕ್ಕಕ್ಕೆ ಎಸೆಯುತ್ತವೆ. ಇಜೆಕ್ಟರ್ ಎಡಗೋಡೆಯಲ್ಲಿ ಸಡಿಲವಾಗಿ ಕೂತಿರುತ್ತದೆ. ಬೋಲ್ಟ್ ಬಿಚ್ಚಿದಾಗ ಬಿದ್ದುಹೋಗಿ, ಜೋಡಿಸುವಾಗ ಮರೆತುಹೋಗಿರುವುದೂ ಉಂಟು.

1873ರಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಕ್ಯಾರಿಯರ್ ಅನ್ನುವ ಹಿತ್ತಾಳೆ ಗಟ್ಟಿ ಇದೆ. ಕೊಳವೆಯಿಂದ ಹೊಸ ತೋಟಾ ಬಂದು ಅದರೊಳಗೆ ಕೂರುತ್ತದೆ. ಕ್ಯಾರಿಯರ್ ಲಿಫ್ಟಿನ ಹಾಗೆ ಮೇಲೆದ್ದು ತೋಟಾವನ್ನು ಚೇಂಬರ್‌ನ ಎದುರಿಗೆ ತರುತ್ತದೆ. ಇದು ನಡೆಯುವುದು ಲಿವರ್‌ನ ಓಟದ ಕೊಟ್ಟಕೊನೆಯಲ್ಲಿ. ಮೊದಲು ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತದೆ, ಕೊಕ್ಕೆಯಲ್ಲಿ ಪುಂಗಳಿ ನೇತಾಡುತ್ತಿರುತ್ತದೆ. ಆಮೇಲೆ ಲಿವರ್ ಕೊನೆಯ ಸ್ವಲ್ಪ ದೂರ ಓಡುವಾಗ ಕ್ಯಾರಿಯರ್ ಕೆಳಗಿಂದ ಎದ್ದು ಪುಂಗಳಿಗೆ ಒಂದು ಏಟು ಕೊಡುತ್ತದೆ. ಆ ಏಟಿಗೇ ಪುಂಗಳಿ ಹಾರುವುದು. ಹೊಸಬ ಹಳಬನನ್ನು ತಲೆಯಿಂದ ಗುಮ್ಮಿ ಹೊರಗೆ ಹಾಕುತ್ತಾನೆ. ಬೇರೆ ಇಜೆಕ್ಟರ್ ಯಾಕೆ ಬೇಕು? 1873ರ ಈ ಉಪಾಯ ನನಗೆ ತುಂಬಾ ಇಷ್ಟ. ಒಂದು ಭಾಗ, ಎರಡು ಕೆಲಸ.

ಆದರೆ ಇದರಲ್ಲೇ ಒಂದು ದೌರ್ಬಲ್ಯವೂ ಇದೆ. ಕ್ಯಾರಿಯರ್ ನಿಧಾನ ಎದ್ದರೆ ಅದು ಏಟಲ್ಲ, ಬರೀ ಎತ್ತುವುದು. ಪುಂಗಳಿ ಹಾರುವುದಿಲ್ಲ, ಹೊರಳಿ ಅಲ್ಲೇ ಮಲಗುತ್ತದೆ. ಲಿವರ್ ಪೂರ್ತಿ ಓಡದಿದ್ದರಂತೂ ಕ್ಯಾರಿಯರ್ ಏಳುವುದೇ ಇಲ್ಲ. ಅಂದರೆ 1873ರಲ್ಲಿ ಇಜೆಕ್ಟರ್‌ನ ಸ್ಪ್ರಿಂಗ್ ನಿಮ್ಮ ಕೈಯೇ.

ಮಾಮಾಗೆ ಡಮ್ಮಿ ತುಂಬಿಕೊಟ್ಟು "ನೀವು ಮಾಡುವ ಹಾಗೇ ಮಾಡಿ" ಅಂದೆವು. ಅವರು ಹಸುಗೂಸಿನ ತೊಟ್ಟಿಲು ತೂಗುವವರ ಹಾಗೆ ಲಿವರ್ ಎಳೆದರು. ಕೊನೆ ಮುಟ್ಟುವ ಮೊದಲೇ ನಿಲ್ಲಿಸಿದರು.

"ಯಾಕ್ ನಿಂತ್ರಿ ಮಾಮಾ?"

"ಬಿಗಿ ಆತಪಾ. ಅಜ್ಜನ ಬಂದೂಕ. ಜೋರು ಮಾಡಿದ್ರ ಮುರೀತದ."

ಅವರ ಕೈಯೇ ಕಾರಣ ಅಂತ ನಾನು ತೀರ್ಮಾನಿಸಿಬಿಟ್ಟೆ. ಉಸ್ತಾದ್ ತಲೆ ಅಲ್ಲಾಡಿಸಿದರು. ಕೈ ಮೇ ತಿಂಗಳಲ್ಲೂ ಇದೇ ಕೈ ಅಲ್ವಾ? ಆಗ ಹಾರಿದ ಪುಂಗಳಿ ಈಗ ಯಾಕೆ ಹಾರುವುದಿಲ್ಲ? ಬಿಗಿ ಎಲ್ಲಿಂದ ಬಂತು?

ಇಲ್ಲಿ ನಾವೇ ಒಂದು ತಪ್ಪು ಮಾಡಿದೆವು, ಅದನ್ನೂ ಹೇಳಬೇಕು. ಹೆಚ್ಚು ಡಮ್ಮಿ ಬೇಕು ಅಂತ ಹಿತ್ತಾಳೆ ಸರಳಿನಿಂದ ಲೇತ್‌ನಲ್ಲಿ ನಾಲ್ಕು ಮಾಡಿಸಿದೆ. ಅವನ್ನು ತುಂಬಿದ ಮೇಲೆ ಕ್ಯಾರಿಯರ್ ಅಲ್ಲಾಡಲೇ ಇಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಅಳೆದು ನೋಡಿದರೆ 44-40 ತೋಟಾದ ಪೂರ್ತಿ ಉದ್ದ ಸುಮಾರು 40 ಮಿ.ಮೀ., ನನ್ನ ಡಮ್ಮಿಗಳದು 38. ಮೊದಲನೆಯದು ಕ್ಯಾರಿಯರ್‌ನಲ್ಲಿ ಗಿಡ್ಡವಾಗಿ ಕೂತಿತ್ತು. ಉಳಿದ ಸಂದಿಗೆ ಕೊಳವೆಯಲ್ಲಿದ್ದ ಎರಡನೆಯದು ತನ್ನ ತಳ ತೂರಿಸಿ ಬೀಗ ಹಾಕಿತ್ತು. ಕ್ಯಾರಿಯರ್ ಒಂದು ರೀತಿಯಲ್ಲಿ ಉದ್ದ ಅಳೆಯುವ ಗೇಜ್ ಕೂಡ. ತೋಟಾ ಗಿಡ್ಡವಾದರೂ ತೊಂದರೆ, ಉದ್ದವಾದರೂ ತೊಂದರೆ. ಮೂವತ್ತು ವರ್ಷ ಮೈಕ್ರೋಮೀಟರ್ ಹಿಡಿದವನು ಉದ್ದ ಅಳೆಯದೆ ಲೇತ್‌ಗೆ ಹೋಗಿದ್ದೆ. ಉಸ್ತಾದ್ ಏನೂ ಅನ್ನಲಿಲ್ಲ. ಚಹಾದ ದುಡ್ಡು ನನ್ನಿಂದ ಕೊಡಿಸಿದರು.

ಎರಡನೇ ದಿನ ಮಧ್ಯಾಹ್ನ ಸುಳಿವು ಸಿಕ್ಕಿತು. ಬೆಳಿಗ್ಗೆ ಬಿಗಿಯಾಗಿದ್ದ ಲಿವರ್, ಊಟ ಮುಗಿಸಿ ಬಂದಾಗ ಹಗುರವಾಗಿತ್ತು. ಬಂದೂಕು ಇಟ್ಟ ಮೇಜಿಗೆ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಸಂಜೆ ಆರಕ್ಕೆ ಮತ್ತೆ ಬಿಗಿ! ಪುಣೆಯ ಡಿಸೆಂಬರ್ ಚಳಿ ಗೊತ್ತಲ್ಲ, ಬೆಳಗಿನ ಜಾವ 10–12 ಡಿಗ್ರಿಗೆ ಇಳಿಯುತ್ತದೆ. ಉಕ್ಕು, ಹಿತ್ತಾಳೆ ಇಷ್ಟು ಚಳಿಗೆ ಹಾಗೆ ಬಿಗಿಯಾಗುವುದಿಲ್ಲ. ಚಳಿಗೆ ಗಟ್ಟಿಯಾಗುವುದು ಬೇರೇನೋ ಒಳಗಿದೆ.

ಉಸ್ತಾದ್ ಮಾಮಾಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. "ಮಾಮಾ, ಬಂದೂಕಿಗೆ ಯಾವ ಎಣ್ಣಿ ಹಚ್ತೀರಿ?"

"ಕೊಬ್ಬರಿ ಎಣ್ಣಿ. ಖಂಡೇಪೂಜಿಗೆ ನಮ್ಮ ಮನ್ಯಾಗ ವರ್ಷಾ ಹಚ್ಚೂದು ಅದನ್ನ. ನಮ್ಮವ್ವನ ಕಾಲದಿಂದ."

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಿಂದ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿನೀರಲ್ಲಿಟ್ಟು ತಲೆಗೆ ಹಚ್ಚಿಕೊಳ್ಳುವ ನಮಗೆ ಇದು ತಕ್ಷಣ ಹೊಳೆಯಬೇಕಿತ್ತು. ಖಂಡೇಪೂಜೆ ಅಂದರೆ ನವರಾತ್ರಿಯ ಆಯುಧಪೂಜೆ. ಆಗ ಹಚ್ಚಿದ ಎಣ್ಣೆ ಡಿಸೆಂಬರ್‌ನಲ್ಲಿ ಮೇಣವಾಗಿತ್ತು. ಮೇ ತಿಂಗಳಲ್ಲಿ ಅದೇ ಎಣ್ಣೆ ನೀರಿನ ಹಾಗೆ ಇರುತ್ತದೆ, ಹಾಗಾಗಿ ಆಗ ತಕರಾರಿಲ್ಲ.

ಮೂರನೇ ದಿನ ಉಸ್ತಾದ್ ಪಕ್ಕದ ಪ್ಲೇಟುಗಳನ್ನು ಬಿಚ್ಚಿದರು. ಈ ಕೆಲಸ ಮನೆಯಲ್ಲಿ ಬೇಡ. ಪ್ಲೇಟು ತಮ್ಮ ಖಾಚಿನಲ್ಲಿ ಬಿಗಿಯಾಗಿ ಕೂತಿರುತ್ತವೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಅಂಚು ಜಜ್ಜಿಹೋಗುತ್ತದೆ, ಬಂದೂಕಿನ ಬೆಲೆಯೂ ಹೋಗುತ್ತದೆ. ಒಳಗೆ ಕ್ಯಾರಿಯರ್ ಓಡುವ ದಾರಿಯ ತುಂಬ ಕಂದುಗೆಂಪು ಗಸಿ. ನಾನು ತುಕ್ಕು ಅಂದುಕೊಂಡೆ. ಉಸ್ತಾದ್ ಬೆರಳಲ್ಲಿ ತೆಗೆದು ಮೂಸಿದರು. ಕುಂಕುಮ! ಅರಿಶಿನವೂ ಇತ್ತು. ವರ್ಷ ವರ್ಷ ಪೂಜೆಯಲ್ಲಿ ಮೇಲಿನ ಬಾಯಿಯಿಂದ ಉದುರಿದ್ದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಲೇಪವಾಗಿತ್ತು. ಮಾಮಾ ಒಬ್ಬರದ್ದೇ ಅಲ್ಲ, ಅವರ ತಾಯಿಯ ಕಾಲದ ಕುಂಕುಮವೂ ಅದರಲ್ಲಿ ಇದ್ದಿರಬಹುದು.

ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತೊಳೆದೆವು. ಉಕ್ಕಿಗೆ ತಂತಿ ಬ್ರಶ್ ಮುಟ್ಟಿಸಲಿಲ್ಲ. ಒರೆಸಿದ ಮೇಲೆ ಒಂದು ಪರೀಕ್ಷೆ ಇದೆ, ಬಿಚ್ಚಿದಾಗಲೆಲ್ಲ ಮಾಡಬೇಕು: ಕ್ಯಾರಿಯರನ್ನು ಒಂದನ್ನೇ ಅದರ ದಾರಿಯಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಸರ್ರನೆ ಇಳಿಯಬೇಕು. ಎಲ್ಲಾದರೂ ತಡೆದರೆ ಅಲ್ಲಿ ಕೊಳೆ ಉಳಿದಿದೆ, ಇಲ್ಲವೇ ಅಂಚು ಜಜ್ಜಿದೆ. ನಮ್ಮದು ಇಳಿಯಿತು. ಕೆಳಗಿನ ಎರಡು ಪಟ್ಟಿ ಸ್ಪ್ರಿಂಗ್‌ಗಳನ್ನೂ ನೋಡಿದೆವು. ಲಿವರ್‌ನದು ಒಂದು, ಕ್ಯಾರಿಯರ್ ಎತ್ತುವ ತೋಳಿನದು ಇನ್ನೊಂದು. ಬಿರುಕಿಲ್ಲ, ಸ್ಕ್ರೂ ಸಡಿಲವಿಲ್ಲ. ಸಡಿಲವಿದ್ದರೆ ಅದೂ ಪುಂಗಳಿ ಮಲಗಲು ಕಾರಣವಾಗುತ್ತಿತ್ತು. ಮೇಲಿನ ಜಾರು ಮುಚ್ಚಳ ಪೂರ್ತಿ ಹಿಂದೆ ಸರಿಯುತ್ತದಾ ಅನ್ನುವುದನ್ನೂ ಮರೆಯಬೇಡಿ. ಅರ್ಧಕ್ಕೆ ನಿಂತರೆ ಹಾರಿದ ಪುಂಗಳಿ ಅದಕ್ಕೇ ತಲೆ ಹೊಡೆದುಕೊಂಡು ಒಳಗೆ ಬೀಳುತ್ತದೆ. ಕೊನೆಗೆ ತೆಳು ಮೆಷಿನ್ ಎಣ್ಣೆ, ಹೊಲಿಗೆ ಮೆಷಿನ್ನಿಗೆ ಹಾಕುವಂಥದ್ದು, ನಾಲ್ಕೇ ಹನಿ. ಎಣ್ಣೆ ಜಾಸ್ತಿಯಾದರೆ ಧೂಳನ್ನು ಕರೆಯುತ್ತದೆ.

ಮಾಮಾ ಬಂದರು. ಡಮ್ಮಿ ತುಂಬಿ ಉಸ್ತಾದ್ ಒಮ್ಮೆ ತೋರಿಸಿದರು. ಜೋರಲ್ಲ, ಚುರುಕು. ತಡೆಯುವವರೆಗೆ ಪೂರ್ತಿ ಕೆಳಗೆ, ಪೂರ್ತಿ ಮೇಲೆ, ನಡುವೆ ಯೋಚನೆ ಬೇಡ. ಮಾಮಾ ಎಳೆದರು. ಡಮ್ಮಿ ಮೇಲೆ ಹಾರಿ, ಅವರ ಟೋಪಿಗೆ ಬಡಿದು, ಚಹಾದ ಲೋಟದ ಪಕ್ಕ ಬಿತ್ತು. ಇನ್ನೊಂದು ಎಳೆದರು. ಅದೂ ಹಾರಿತು. ಐದೂ ಮುಗಿಸಿ, ನೆಲಕ್ಕೆ ಬಗ್ಗಿ ತಾವೇ ಆರಿಸಿಕೊಂಡರು.

ಮುಂದಿನ ವಾರ ರೇಂಜ್‌ನಲ್ಲಿ ಎರಡೇ ತೋಟಾ ಹೊಡೆದರಂತೆ, ಬೆಳಿಗ್ಗೆ ಏಳೂವರೆಗೆ, ಸ್ವೆಟರ್ ಹಾಕಿಕೊಂಡು. ಎರಡೂ ಪುಂಗಳಿ ಹಿಂದಕ್ಕೆ ಹಾರಿದವು ಅಂತ ಫೋನ್ ಮಾಡಿದರು. ಫೋನ್ ಇಡುವ ಮೊದಲು ತಡವರಿಸುತ್ತಾ ಕೇಳಿದರು.

"ಅಲ್ಲಪಾ, ಮತ್ತ ಖಂಡೇಪೂಜಿಗೆ ಕುಂಕುಮ ಎಲ್ಲಿ ಹಚ್ಚಲಿ?"

"ಹಿಂದಿನ ಕಟ್ಟಿಗಿ ಹಿಡಿಗೆ ಹಚ್ರಿ ಮಾಮಾ. ಮ್ಯಾಲಿನ ಮುಚ್ಚಳ ಹಾಕಿ ಹಚ್ರಿ."